ಅತ್ತೆಯ ಮೊಟ್ಟೆ, ನನ್ನ ಸೂರ್ಯ

"ಇನ್ನು ಮುಂದೆ ಕರೆಂಟಿನವರ ಹಂಗು ನಮಗಿಲ್ಲ!" ಎಂದು ನಾನು ಘೋಷಿಸಿದ್ದು ಬಾಲ್ಕನಿಯಲ್ಲಿ ನಿಂತು, ಬೀದಿಗೆಲ್ಲ ಕೇಳಿಸುವ ಹಾಗೆ. ಆಗಷ್ಟೇ ಕಂಬಿಗೆ ಸೋಲಾರ್ ಪ್ಯಾನೆಲ್ ಬಿಗಿದಿದ್ದೆ. ಅದರ ವೈರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮುಗಿಯಿತು, ಬಿಸಿಲೆಲ್ಲ ಕರೆಂಟಾಗಿ ಒಳಗೆ ಹರಿಯುತ್ತದೆ! ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು ನಾನು. ಸೂರ್ಯನನ್ನು ನನಗಿಂತ ಹತ್ತಿರದಿಂದ ಬಲ್ಲವರು ಯಾರಿದ್ದಾರೆ?

ಇಸ್ತ್ರಿಪೆಟ್ಟಿಗೆ, ಕೆಟಲ್ ಎಲ್ಲ ನೇತಾಡುತ್ತಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ ವೈರು ಚುಚ್ಚಲು ಹೋದೆ. ಹೆಂಡತಿ ಕೈ ಹಿಡಿದಳು.

"ರೀ, ಬೋರ್ಡಿಗೆ ಬೇಡ, ಗೋಡೆ ಪ್ಲಗ್ಗಿಗೇ ಹಾಕಿ. ಬೋರ್ಡು ಕಾದು ಕರಗಿ ಹೋಗುತ್ತಂತೆ. ಅಂಗಡಿಯವರು ಹೇಳಿದ್ರಲ್ಲ!"

"ಯಾವಾಗ ಹೇಳಿದ್ರು?"

"ನೀವು ಅವರಿಗೇ ಸೂರ್ಯನ ಬಗ್ಗೆ ಪಾಠ ಮಾಡ್ತಿದ್ರಲ್ಲ, ಆಗ."

ಈಗ ಅತ್ತೆಯ ವಿಷಯ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ಅಂಥವರು ಒಂದು ದಿನ ಮಡಿಲಲ್ಲಿ ಬಾತುಕೋಳಿಯ ಮೊಟ್ಟೆಗಳನ್ನು ಕಟ್ಟಿಕೊಂಡು ಬಂದರು. ತಾಯಿ ಬಾತು ಲಾರಿಗೆ ಸಿಕ್ಕಿ ಸತ್ತಿತ್ತಂತೆ. ಹೆಂಡತಿ ಮರಿ ಮಾಡಿಸುವ ಪೆಟ್ಟಿಗೆ ತರಿಸಿದಳು. ಒಳಗೆ ಸದಾ ಬೆಚ್ಚಗಿರುವ ಕರೆಂಟಿನ ಪೆಟ್ಟಿಗೆ. ಅಂದಿನಿಂದ ಅತ್ತೆ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ನಮ್ಮ ಜೊತೆ ಆಡದ ಮಾತನ್ನೆಲ್ಲ ಮೊಟ್ಟೆಗಳ ಜೊತೆ ಆಡುತ್ತಿದ್ದರು. ಅದನ್ನು ಕೇಳಿಸಿಕೊಂಡು ಹೆಂಡತಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇನ್ನೇನು ಮರಿ ಹೊರಬರಬೇಕು, ಅಷ್ಟರಲ್ಲಿ ಸುದ್ದಿ ಬಂತು: ಲೈನ್ ದುರಸ್ತಿ, ಭಾನುವಾರ ಹಗಲೆಲ್ಲ ನಮ್ಮ ಬಡಾವಣೆಗೆ ಕರೆಂಟಿಲ್ಲ!

"ಅಳಿಯಂದ್ರೆ, ಪೆಟ್ಟಿಗೆ ತಣ್ಣಗಾದ್ರೆ ಇವು ಉಳಿಯಲ್ಲ. ಬೇರೆ ಕಡೆ ಯಾರ ಮನೇಲಾದ್ರೂ ಇಟ್ಟು ಬರೋಣ್ವಾ?"

"ಛೆ ಛೆ! ಊರಿಗೆಲ್ಲ ಕರೆಂಟು ಹೋಗ್ಲಿ ಅತ್ತೆ. ನಮ್ಮ ಸೂರ್ಯನ್ನ ಆಫ್ ಮಾಡೋರು ಯಾರು?"

ಪಾಪ, ನನ್ನ ಮಾತು ನಂಬಿದರು. ಅದೇ ನನ್ನ ಗ್ರಹಚಾರ.

ಭಾನುವಾರ ಬೆಳಿಗ್ಗೆ ಫ್ರಿಜ್ಜು ಗಕ್ಕನೆ ಸುಮ್ಮನಾಯಿತು. ಪೆಟ್ಟಿಗೆಯ ದೀಪವೂ ಆರಿತು. ಹೊರಗೆ ನೋಡಿದರೆ ಕಣ್ಣು ಕುಕ್ಕುವ ಬಿಸಿಲು! ಪ್ಯಾನೆಲ್ ಒರೆಸಿದೆ. ಪ್ಲಗ್ ಅಲುಗಿಸಿದೆ. "ಹರಿಯೋ, ಹರಿಯೋ!" ಎಂದು ವೈರಿಗೆ ಗದರಿದೆ. ಪೆಟ್ಟಿಗೆ ಮಾತ್ರ ಉಸಿರೆತ್ತಲಿಲ್ಲ. ಅಷ್ಟು ಹೊತ್ತಿಗೆ ಹೆಂಡತಿ ಅಂಗಡಿಗೆ ಫೋನ್ ಮಾಡಿ ನನ್ನ ಕೈಗಿತ್ತಳು.

"ಅದು ಕೆಟ್ಟಿಲ್ಲ ಸರ್," ಎಂದಳು ಅಂಗಡಿಯಾಕೆ. "ಲೈನಲ್ಲಿ ಕರೆಂಟ್ ಇಲ್ಲಾಂದ್ರೆ ಅದೂ ನಿಂತ್ಬಿಡುತ್ತೆ. ಹಾಗೇ ಮಾಡಿರೋದು."

"ಇದ್ಯಾವ ನ್ಯಾಯ! ಬೇಕಾದಾಗಲೇ ಕೈಕೊಡೋದಾ?"

"ನಿಲ್ಲದೇ ಇದ್ರೆ ನಿಮ್ಮನೆ ಕರೆಂಟು ಹೊರಗಿನ ತಂತಿಗೂ ಹೋಗುತ್ತೆ ಸರ್. ಆಗ ಕಂಬ ಹತ್ತಿದೋರ ಗತಿ?"

ಬಾಲ್ಕನಿಯಿಂದ ಇಣುಕಿದೆ. ಎದುರಿನ ಕಂಬದ ಮೇಲೆ ತಂತಿ ಹಿಡಿದು ಕೆಲಸ ಮಾಡುತ್ತಿದ್ದ ಲೈನ್‌ಮನ್ ನನ್ನನ್ನು ನೋಡಿ ನಕ್ಕು ಕೈ ಬೀಸಿದ. ನಾನೂ ಕೈಯೆತ್ತಿದೆ. ಬೈಸಿಕೊಂಡ ಪ್ಯಾನೆಲ್ಲಿನ ಬೆನ್ನು ತಟ್ಟಿ ಒಳಗೆ ಬಂದೆ.

ಆದರೆ ಮೊಟ್ಟೆ? ಆ ಬಿಸಿಲಿಗಿಟ್ಟರೆ ಬೆಂದೇ ಹೋದಾವು. ನೀರು ಕಾಯಿಸೋಣವೆಂದರೆ ಒಲೆಯೂ ಕರೆಂಟಿನದೇ! ಅತ್ತೆ ಮೊಟ್ಟೆಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕೂತಿದ್ದರು. "ನನ್ನ ಕೈಯೇ ತಣ್ಣಗಿದೆಯಲ್ಲೇ ಮಗಳೇ," ಎಂದರು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಹೆಂಡತಿ ಸುತ್ತಲೂ ಕಣ್ಣು ಹಾಯಿಸಿದಳು. ಆ ಕಣ್ಣು ಬಂದು ನನ್ನ ಹೊಟ್ಟೆಯ ಮೇಲೆ ನಿಂತಿತು.

"ರೀ, ಸೋಫಾ ಮೇಲೆ ಒರಗಿಕೊಳ್ಳಿ."

"ಯಾಕೇ?"

"ಈ ಮನೇಲಿ ಇಷ್ಟು ಅಗಲವಾದ, ಇಷ್ಟು ಬೆಚ್ಚಗಿರೋ ಜಾಗ ಇನ್ನೆಲ್ಲಿದೆ?"

ಅಂಗಿಯೊಳಗೆ ಮೊಟ್ಟೆಗಳು ಬಂದವು. ಮೇಲೆ ಕಂಬಳಿ, ಅದರ ಮೇಲೆ ಇನ್ನೊಂದು ಕಂಬಳಿ! ಸೀನುವಂತಿಲ್ಲ, ನಗುವಂತಿಲ್ಲ, ಜೋರಾಗಿ ಉಸಿರಾಡುವಂತೆಯೂ ಇಲ್ಲ. ನಾನು ಬಾಯಿಬಿಟ್ಟರೆ ಹೆಂಡತಿ ನೀರು ಹಾಕುತ್ತಿದ್ದಳು. ಬೆವರಿಳಿಯುತ್ತಿದ್ದರೂ ಸಾಕು ಅನ್ನಲು ಬಾಯಿ ಬರಲಿಲ್ಲ. ಅತ್ತೆ ಕಂಬಳಿಯ ಅಂಚು ಹಿಡಿದು ಕೂತಿದ್ದರಲ್ಲ!

ಮಧ್ಯಾಹ್ನ ಕಳೆದ ಮೇಲೆ ಹೊಟ್ಟೆಯ ಮೇಲೆ ಏನೋ ಟಕ್ ಅಂದಿತು. ಮತ್ತೆ ಟಕ್ ಟಕ್!

"ಅತ್ತೆ..." ಎಂದೆ ಮೆಲ್ಲಗೆ.

ಅಳಿಯನೆಂಬ ಸಂಕೋಚವನ್ನೆಲ್ಲ ಮರೆತು ಅತ್ತೆ ನನ್ನ ಹೊಟ್ಟೆಗೇ ಕಿವಿಯಿಟ್ಟರು. "ಬದುಕಿವೆ! ಒಳಗಿಂದ ಕುಕ್ತಾ ಇವೆ ಕಣೇ!" ಎಂದವರು ನಕ್ಕೇಬಿಟ್ಟರು. ಮಾವ ಹೋದ ಮೇಲೆ ಆ ನಗು ನಾವು ಕೇಳಿದ್ದು ಅದೇ ಮೊದಲು. ಹೆಂಡತಿ ನನ್ನ ತಲೆಗೂದಲಲ್ಲಿ ಕೈಯಾಡಿಸಿದಳು. ನನ್ನ ಕಣ್ಣೂ ತುಂಬಿ ಬಂತು.

ಆಗಲೇ ಫ್ರಿಜ್ಜು ಗುರ್ರೆಂದಿತು. ಕರೆಂಟು ಬಂತು!

"ನೋಡಿದ್ರಾ ಅತ್ತೆ! ಇನ್ನು ನನ್ನ ಸೋಲಾರೂ ಶುರುವಾಗುತ್ತೆ!" ಎಂದು ಏಳಹೋದೆ.

ಅತ್ತೆ ಭುಜ ಒತ್ತಿ ಮಲಗಿಸಿದರು.

"ಅಲುಗಾಡ್ಬೇಡಿ. ಪೆಟ್ಟಿಗೆ ಬಿಸಿಯಾಗೋ ತನಕ ನೀವೇ ಗತಿ. ಆ ಪ್ಯಾನೆಲ್ಲಿಗಿಂತ ನೀವೇ ವಾಸಿ ಅಳಿಯಂದ್ರೆ, ಕರೆಂಟು ಹೋದ್ರೂ ಕೆಲಸ ಮಾಡ್ತೀರಿ!"