ಮಂಡ್ಯದ ಕುರ್ಚಿಗೆ ಹೊರಟಿದ್ದೆ

ವಿಶೇಷ ಮಕ್ಕಳ ಟೀಚರಾಗಿ ಮದ್ದೂರು, ಮಳವಳ್ಳಿ ಕಡೆ ಶಾಲೆ ಶಾಲೆ ಅಲೆದು ನನ್ನ ತಲೆ ನರೆತಿದೆ. "ಇನ್ನೂ ಅದರಲ್ಲೇ ಇದ್ದೀಯೇನೇ?" ಅಂತ ನೆಂಟರು ಕೇಳಿದಾಗಲೆಲ್ಲ ಬಿಟ್ಟುಬಿಡೋಣ ಅನ್ನಿಸುತ್ತೆ. ಅಷ್ಟರಲ್ಲಿ ಏನಾದರೊಂದು ತಮಾಷೆ ನಡೆದೇ ನಡೆಯುತ್ತೆ. ಮಕ್ಕಳಿಂದಲ್ಲ ಕಣ್ರೀ, ದೊಡ್ಡವರಿಂದ.

೧. ತಾಳ್ಮೆಯ ತರಬೇತಿ

ಮಂಡ್ಯದಲ್ಲಿ ನಮಗೊಂದು ತರಬೇತಿ ಇಟ್ಟರು. ವಿಷಯ: ಮಕ್ಕಳೊಂದಿಗೆ ತಾಳ್ಮೆ. ಹೇಳಿಕೊಡೋಕೆ ಬಂದ ಮಹಾನುಭಾವರು ಅಂಥ ಮಗುವಿನ ಜೊತೆ ಒಂದು ಗಳಿಗೆ ಕೂತವರಲ್ಲ. ಕರೆಂಟು ಹೋಗಿ ಮೈಕು ನಿಂತಿತು. ಹಿಂದಿನ ಸಾಲಿಂದ ಒಬ್ಬರು "ಕೇಳಿಸ್ತಿಲ್ಲ ಸಾರ್" ಅಂದರು. ಮಹಾನುಭಾವರು ಇನ್ನೊಮ್ಮೆ ಹೇಳಿದರು. "ಈಗಲೂ ಕೇಳಿಸ್ತಿಲ್ಲ ಸಾರ್."

"ನಿಮ್ಮಂಥೋರಿಗೆ ಹೇಳೋಕೆ ನನ್ನ ಕೈಲಾಗಲ್ಲ!" ಅಂತ ಕಾಗದ ಎಸೆದು ಹೊರಟೇಬಿಟ್ಟರು. ಊಟಕ್ಕೆ ಒಬ್ಬಟ್ಟು ಅಂತ ಗೊತ್ತಾದ ಮೇಲೆ ತಾಳ್ಮೆ ತಂದುಕೊಂಡು ವಾಪಸ್ ಬಂದರು.

೨. ಇಳಿಜಾರು

ಮಳವಳ್ಳಿ ಕಡೆಯ ಹಳ್ಳಿ ಶಾಲೆಗೆ ಗಾಲಿಕುರ್ಚಿ ಹತ್ತೋಕೆ ಇಳಿಜಾರು ಕಟ್ಟಿಸಿದರು. ಖುಷಿಯಿಂದ ನೋಡೋಕೆ ಹೋದರೆ, ಊರ ಯಜಮಾನರು ಅದರ ತುಂಬ ರಾಗಿ ತೆನೆ ಹರವಿದ್ದಾರೆ!

"ಇದೇನ್ ಯಜಮಾನ್ರೇ, ಮಗು ಕುರ್ಚಿ ಹೋಗಬೇಕಲ್ಲ?"

"ಓಗ್ಲಿ ಬುಡಮ್ಮ, ಬ್ಯಾಡ ಅಂದೋರ್ ಯಾರು? ಗಾಲಿ ಉರುಳುದ್ರೆ ನಮ್ಗೂ ಒಕ್ಕಣೆ ಆಯ್ತದೆ."

೩. ಬೀಳ್ಕೊಡುಗೆ

ಕೊನೆಗೆ ಮಂಡ್ಯದ ಕಚೇರಿಯಲ್ಲಿ ಫ್ಯಾನಿನ ಕೆಳಗೊಂದು ಕುರ್ಚಿ ಸಿಕ್ಕಿತು. ಒಪ್ಪಿಕೊಂಡೆ. ಸಂಕಟ ಇದ್ದದ್ದು ಒಬ್ಬಳದೇ, ಮದ್ದೂರಿನ ಮೆಕ್ಯಾನಿಕ್ಕನ ಮಗಳದು. ಅವಳಿಗೆ ಮಾತು ಬರೋಲ್ಲ. ಕೊರಳಲ್ಲಿ ಚಿತ್ರದ ಕಾರ್ಡುಗಳಿವೆ: ನೀರು, ಊಟ, ಅಂಗೈ ಎತ್ತಿದ 'ಸಾಕು'. ಅವನ್ನು ತೋರಿಸೋದು ನನಗೊಬ್ಬಳಿಗೇ.

"ನೀವು ಒಂಟೋದ್ರೆ ಇವಳ ಮಾತೂ ನಿಮ್ ಜೊತೇಲೇ ಓಯ್ತದೆ ಮಿಸ್ಸು" ಅಂತ ಅವಳ ಅಮ್ಮ ಕಣ್ಣೊರೆಸಿಕೊಂಡಳು. ಆದರೆ ಮಂಡ್ಯಕ್ಕೆ ಹ್ಞೂಂ ಅಂದಾಗಿತ್ತಲ್ಲ.

ಬೀಳ್ಕೊಡುಗೆಗೆ ಮದ್ದೂರಿನ ಶಾಲೆಗೆ ಕಚೇರಿಯ ಸಾಹೇಬರು ಬಂದರು. ನನ್ನ ಸೇವೆ ಹೊಗಳೋಕೆ ಎದ್ದವರು ತಮ್ಮ ಸೇವೆ ಶುರು ಹಚ್ಚಿಕೊಂಡರು. ಮಕ್ಕಳು ಆಕಳಿಸಿದರು, ತಂದಿಟ್ಟ ವಡೆ ಮೆತ್ತಗಾಯಿತು. ಬಾಯಿದ್ದ ನಾವೆಲ್ಲ ಚಪ್ಪಾಳೆ ತಟ್ಟುತ್ತಾ ಕೂತಿದ್ದೆವು. ಆ ಹುಡುಗಿ ಸೀದಾ ಎದ್ದು ಹೋಗಿ ಸಾಹೇಬರ ಮೂಗಿನ ಮುಂದೆ ಕಾರ್ಡು ಹಿಡಿದಳು.

"ಏನಮ್ಮ ಇದು?"

"ಸಾಕು ಅಂತಾವ್ಳೆ ಸಾರ್" ಅಂದಳು ಅಮ್ಮ.

ಸಾಹೇಬರು ಕೂತರು. ಅಯ್ಯೋ ದೇವರೇ, ನನಗೆ ಅಳು, ನಗು ಎರಡೂ ಒಟ್ಟಿಗೇ ಬಂತು! ಬೇರೆಯವರ ಹತ್ತಿರವೂ ಮಾತಾಡಿದಳಲ್ಲ, ಇನ್ನು ನೆಮ್ಮದಿಯಾಗಿ ಹೋಗಬಹುದು ಅಂತ ಮೈಕು ಹಿಡಿದೆ. "ನಾಳೆಯಿಂದ ನಾನು ಮಂಡ್ಯದಲ್ಲಿ..."

ಅದೇ ಕಾರ್ಡು ನನ್ನ ಮೂಗಿನ ಮುಂದೆ ಬಂತು.

ಹಿಂದಿನಿಂದ ಅವಳ ಅಮ್ಮ ಕೂಗಿದಳು: "ಸಾಹೇಬ್ರಿಗೊಂದು ನಿಮಗೊಂದು ಕಾನೂನಾ ಮಿಸ್ಸು? ಕೂತ್ಕಳಿ!"

ಕೂತೆ. ಇವತ್ತಿಗೂ ಮದ್ದೂರಿನಲ್ಲೇ ಕೂತಿದ್ದೀನಿ.