ಹೋಗೋಕೆ ನಾಲ್ಕು ಗಂಟೆ, ಬರೋಕೆ ಹದಿನಾಲ್ಕೂವರೆ

ವಿಮಾನದ ಟಿಕೆಟ್ ಮಾರುವವನನ್ನು ಜನ ಜೇಬುಗಳ್ಳನನ್ನು ನೋಡಿದ ಹಾಗೆ ನೋಡುವುದು ನನಗೇನೂ ಹೊಸದಲ್ಲ. ಎಂಬತ್ತರ ದಶಕದ ಮೊದಲಲ್ಲಿ ಚಾಮರಾಜಪೇಟೆಯ ಒಂದು ಟ್ರಾವೆಲ್ಸ್ ಆಫೀಸಿಗೆ ಸೇರಿದಾಗ ನಾನು ವಿಮಾನವನ್ನು ಹೊಲದಿಂದ ತಲೆಯೆತ್ತಿ ನೋಡಿದ್ದೆ, ಅಷ್ಟೆ. ಊರಲ್ಲಿ ಮಾತ್ರ "ಇನ್ಮೇಲೆ ವಿಮಾನ ಕಳ್ಸೋನೇ ನಾನು" ಅಂತ ಹೇಳಿ ಬಂದಿದ್ದೆ. ಯಜಮಾನರ ಷರತ್ತು ಒಂದೇ: ಮೂರು ತಿಂಗಳಲ್ಲಿ ಒಂದಾದರೂ ಫಾರಿನ್ ಟಿಕೆಟ್ ಮಾರಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಇನ್ನೊಂದೇ ವಾರ ಉಳಿದಿದ್ದಾಗ ಬಸವನಗುಡಿಯ ಪುರೋಹಿತರೊಬ್ಬರು ಬಂದರು. ಲಂಡನ್ನಿನಲ್ಲಿ ಅವರು ಒಂದು ಮದುವೆ ಮಾಡಿಸಬೇಕಿತ್ತು.

೧. ಹಿಗ್ಗಿದ ನಕ್ಷೆ

"ಬೊಂಬಾಯಿಂದ ಲಂಡನ್ನಿಗೆ ಎಷ್ಟು ದೂರ?"

"ಏಳು ಸಾವಿರದ ಇನ್ನೂರು ಕಿಲೋಮೀಟರ್" ಎಂದೆ, ಎದೆಯುಬ್ಬಿಸಿ.

ಅವರು ಚೀಲದಿಂದ ದಾರ ತೆಗೆದು ಗೋಡೆಯ ನಕ್ಷೆಯ ಮೇಲೆ ಹಿಡಿದು ಅಳೆದರು. "ಜಾಸ್ತಿ ಬರ್ತಿದೆಯಲ್ಲಪ್ಪಾ?"

ಸೋಲುವ ಆಳೇ ನಾನು? "ಮಳೆಗಾಲದಲ್ಲಿ ಗೋಡೆ ನೆಂದು ನಕ್ಷೆ ಹಿಗ್ಗಿಬಿಟ್ಟಿದೆ ಸ್ವಾಮಿ."

"ಓಹೋ. ಹಾಗಾದ್ರೆ ಮಳೆಗಾಲ ಮುಗಿದ ಮೇಲೇ ಹೋಗ್ತೀನಿ. ಹತ್ತಿರ ಆಗುತ್ತೆ."

೨. ಎಕ್ಸ್‌ಪ್ರೆಸ್

ಮಾರನೆಯ ದಿನ ವೇಳಾಪಟ್ಟಿಯ ಮೇಲೆ ಬೆರಳಿಟ್ಟರು. "ಬೆಳಿಗ್ಗೆ ಏಳಕ್ಕೆ ಬೊಂಬಾಯಿ, ಹನ್ನೊಂದಕ್ಕೆ ಲಂಡನ್. ಬರೀ ನಾಲ್ಕು ಗಂಟೆ! ಬಸ್ಸಲ್ಲಿ ಮೈಸೂರಿಗೇ ಅಷ್ಟು ಹೊತ್ತಾಗುತ್ತಲ್ಲಯ್ಯ?"

ನನಗೂ ಒಳಗೊಳಗೇ ಗುಮಾನಿ: ನನ್ನನ್ನು ಓಡಿಸಲೆಂದೇ ಯಜಮಾನರು ತಪ್ಪು ಪಟ್ಟಿ ಕೊಟ್ಟರೇ? ಹೊರಗೆ ಮಾತ್ರ ಅದೇ ಗತ್ತು. "ಇದು ಎಕ್ಸ್‌ಪ್ರೆಸ್ ಸ್ವಾಮಿ. ನಿಮಗೋಸ್ಕರ ಪೈಲಟ್ ಹತ್ರ ನಾನೇ ಮಾತಾಡಿದೀನಿ. ನಮ್ಮೂರ ಕಡೆಯವನೇ."

"ಹೌದಾ? ಹೆಸರೇನು?"

ನಾನು ಅವರಿಗೆ ಕಾಫಿ ತರಲು ಎದ್ದೆ.

೩. ಇಳಿಜಾರು

ಮೂರನೆಯ ದಿನ ವಾಪಸ್ ಬರುವ ಟಿಕೆಟ್ಟಿನ ಸರದಿ. ಲಂಡನ್ನಿನಿಂದ ಬೆಳಿಗ್ಗೆ ಹತ್ತಕ್ಕೆ ಹೊರಟರೆ ಬೊಂಬಾಯಿಗೆ ರಾತ್ರಿ ಹನ್ನೆರಡೂವರೆ.

"ಹೋಗೋಕೆ ನಾಲ್ಕು, ಬರೋಕೆ ಹದಿನಾಲ್ಕೂವರೆ. ಏನಪ್ಪಾ ಇದು?"

ಎತ್ತಿನ ಗಾಡಿ ಹೊಡೆದು ಬೆಳೆದವನಿಗೆ ಇದೊಂದು ಪ್ರಶ್ನೆಯೇ? "ಹೋಗ್ತಾ ಇಳಿಜಾರು, ಬರ್ತಾ ಏರು ಸ್ವಾಮಿ. ಜೊತೆಗೆ ವಾಪಸ್ ಬರೋರ ಲಗೇಜೂ ಜಾಸ್ತಿ."

ಪುರೋಹಿತರು ಎದ್ದು ನಿಂತು ಯಜಮಾನರನ್ನು ಕೂಗಿದರು. ನನ್ನ ಕಣ್ಣ ಮುಂದೆ ನಮ್ಮೂರ ಬಸ್ಸು ಬಂದು ನಿಂತಿತು.

"ನೋಡಿ, ಲಂಡನ್ನಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ" ಎಂದರು ಪುರೋಹಿತರು. "ಹೊರಡೋ ಹೊತ್ತು ಹೊರಡೋ ಊರಿನ ಗಡಿಯಾರದ್ದು, ಇಳಿಯೋ ಹೊತ್ತು ಇಳಿಯೋ ಊರಿನ ಗಡಿಯಾರದ್ದು. ಹೋಗೋದಕ್ಕೆ ಐದೂವರೆ ಕೂಡಿಸಿ, ಬರೋದಕ್ಕೆ ಕಳೀರಿ. ಎರಡೂ ಒಂಬತ್ತು, ಒಂಬತ್ತೂವರೆ ಗಂಟೆ. ಪಂಚಾಂಗ ಗುಣಿಸೋ ನನಗೆ ಇಷ್ಟು ಗೊತ್ತಿಲ್ವಾ?"

ಯಜಮಾನರು ನನ್ನ ಕಡೆ ತಿರುಗಿ ಹಲ್ಲು ಕಡಿದರು.

"ಅವನನ್ನ ಬೈಬೇಡಿ. ಮೂರು ಆಫೀಸು ಸುತ್ತಿ ಬಂದೆ. ಎಲ್ಲರಿಗೂ ಈ ಲೆಕ್ಕ ಗೊತ್ತು. ಗೊತ್ತಿದ್ದೋರು ಟಿಕೆಟ್ ಮಾರೋ ಆಸೆಗೆ ಹೊತ್ತು ತಿದ್ದಿ ಕೊಟ್ಟು ನನ್ನ ಮುಹೂರ್ತ ತಪ್ಪಿಸಬಹುದು. ಈ ಹುಡುಗನಿಗೆ ತಿದ್ದೋಕೂ ಬರಲ್ಲ. ಇವನ ಕೈಲೇ ಬರೆಸಿ ಟಿಕೆಟ್ಟು."

ಕೆಲಸ ಕಾಯಂ ಆಯಿತು. ಯಜಮಾನರು ಹೊಸ ಷರತ್ತು ಹಾಕಿದರು: ಗಿರಾಕಿ ಏನೇ ಕೇಳಲಿ, ನಾನು ಬಾಯಿ ಬಿಡಕೂಡದು. ಅವತ್ತೇ ಊರಿಗೆ ಕಾಗದ ಹಾಕಿದೆ: "ನನಗೆ ಬಡ್ತಿ ಸಿಕ್ಕಿದೆ. ಇನ್ನು ಮೇಲೆ ಯಾರು ಏನು ಕೇಳಿದರೂ ನಾನು ಉತ್ತರ ಕೊಡಬೇಕಾಗಿಲ್ಲ."