ಬೇವಿಗೆ ಕಟ್ಟಿದ ಕೆಂಪು ದಾರ

ಬನಹಟ್ಟಿಯಲ್ಲಿ ಮಲ್ಲಿನಾಥ ಕೊಂಡ ಮನೆಗೆ ಕೋಣೆ ಮೂರು, ಗಿಡ ಹದಿನಾಲ್ಕು. ಹಳೆಯ ಮಾಲೀಕ ಬಸಗೊಂಡಪ್ಪನವರು ಕೈಗೆ ಸಿಕ್ಕ ಬೀಜವನ್ನೆಲ್ಲ ಅಂಗಳಕ್ಕೆ ಎಸೆದು ಬಾಳಿದ ಪುಣ್ಯಾತ್ಮರು. ದಾಸವಾಳ, ಕಣಗಿಲೆ, ಕರಿಬೇವು, ಮಲ್ಲಿನಾಥನಿಗೆ ಹೆಸರೇ ತಿಳಿಯದ ಒಂದು ಮುಳ್ಳಿನ ಗಿಡ. ಇವೆಲ್ಲದರ ನಡುವೆ, ಸರಿಯಾಗಿ ಗೇಟಿನ ಎದುರಿಗೆ, ತಬ್ಬಿದರೆ ತೋಳಿಗೆ ನಿಲುಕದ ಬೇವಿನ ಮರ.

ಮಲ್ಲಿನಾಥನ ಕಣ್ಣು ಮರದ ಮೇಲಿರಲಿಲ್ಲ, ಮರ ನಿಂತ ಜಾಗದ ಮೇಲಿತ್ತು. ಅಲ್ಲಿ ಅವನ ಕಾರು ನಿಲ್ಲಬೇಕಿತ್ತು. (ಕಾರು ಇನ್ನೂ ಬಂದಿರಲಿಲ್ಲ. ಸದ್ಯಕ್ಕೆ ಇದ್ದದ್ದು ಕಿಕ್ ಹೊಡೆದರೆ ಕೆಮ್ಮುವ ಒಂದು ಬೈಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವನು ನಿಸ್ಸೀಮ.)

"ಒಂದು ವರ್ಷ ಏನೂ ಮುಟ್ಟಬ್ಯಾಡ್ರಿ," ಎಂದಳು ಹೆಂಡತಿ ಪೂರ್ಣಿಮಾ. "ಯಾವ ಗಿಡಾ ಯಾವಾಗ ಹೂ ಬಿಡತೈತಿ, ಯಾವುದರ ನೆಳ್ಳು ಎಲ್ಲಿ ಬೀಳತೈತಿ, ನೋಡೂಣು. ನಾ ಲಗ್ನಾಗಿ ಬಂದಾಗ ನೀವೂ ಹಿಂಗ ಒಣಗಿ ನಿಂತಿದ್ರಿ. ನಾ ಕಿತ್ತು ಒಗದ್ನೇನು?"

"ನಿನಗ ತಿಳಿಯಂಗಿಲ್ಲ. ಇದಕ್ಕ ಪ್ಲಾನಿಂಗ್ ಅಂತಾರ."

ಮಲ್ಲಿನಾಥ ರಬಕವಿಯ ನೂಲಿನ ಗೋದಾಮಿನಲ್ಲಿ ಗುಮಾಸ್ತ. ಅಲ್ಲಿ ಬೇಡವಾದ ನೂಲಿನ ಗಂಟಿಗೆ ಕೆಂಪು ದಾರ ಕಟ್ಟುತ್ತಾರೆ. ದಾರ ಕಂಡರೆ ಹಮಾಲರು ಕೇಳದೆಯೇ ಎತ್ತಿ ಹೊರಗೆ ಹಾಕುತ್ತಾರೆ. ಆರು ವರ್ಷದ ಈ ಪಾಂಡಿತ್ಯವನ್ನು ಅವನು ಭಾನುವಾರ ಅಂಗಳಕ್ಕಿಳಿಸಿದ. ಕಡಿಯಬೇಕಾದ ಗಿಡಕ್ಕೆಲ್ಲ ಒಂದೊಂದು ಕೆಂಪು ದಾರ. ಕರಿಬೇವಿನದನ್ನು ಪೂರ್ಣಿಮಾ ಆಗಲೇ ಬಿಚ್ಚಿದಳು. ("ನಾಳೆ ಒಗ್ಗರಣಿಗೆ ನಿಮ್ಮ ಪ್ಲಾನಿಂಗ್ ಹಾಕ್ಲೇನು?") ಬೇವಿಗೆ ಮಾತ್ರ ಅವನು ಕೆಸರೆಂದು ಚಪ್ಪಲಿ ಬಿಟ್ಟು, ಸುತ್ತಲೂ ಓಡಾಡಿ, ಮೂರು ಸುತ್ತು ಬಿಗಿದ. ಮರ ಕಡಿಯುವ ಗಿರಿಮಲ್ಲಪ್ಪನಿಗೆ ಗುರುವಾರ ಬಾ ಎಂದು ಹೇಳಿಯೂ ಆಯಿತು.

ಮಂಗಳವಾರ ಸಂಜೆ ಕೆಲಸದಿಂದ ಬಂದು ನೋಡುತ್ತಾನೆ, ಬೇವಿಗೆ ಹನ್ನೊಂದು ದಾರ! ಬುಡಕ್ಕೆ ಅರಿಷಿಣ, ಕುಂಕುಮ, ಒಡೆದ ತೆಂಗಿನಕಾಯಿ. ಪಕ್ಕದ ಮನೆಯ ಮುದಕವ್ವ ತಲೆ ಮೇಲೆ ಸೆರಗು ಹೊದ್ದು ಕೈಮುಗಿದು ನಿಂತಿದ್ದಳು.

"ಛಲೋ ಮಾಡಿದಿ ತಮ್ಮಾ! ಚಪ್ಪಲಿ ಬಿಟ್ಟು, ಮೂರು ಸುತ್ತು ಹಾಕಿ ದಾರಾ ಕಟ್ಟಿದ್ದು ಮಾಳಿಗಿ ಮ್ಯಾಲಿಂದ ನೋಡಿದ್ನಿ. ಈಗಿನ ಹುಡುಗೂರಾಗ ಇಷ್ಟು ಭಕ್ತಿ ಎಲ್ಲೈತಿ? ನಿನ್ನೆ ನಾನೂ ಒಂದು ಕಟ್ಟಿದ್ನಿ. ಇವತ್ತ ಮುಂಜಾನೆ ಮುಧೋಳದ ವರಾ ನನ್ನ ಮೊಮ್ಮಗಳ್ನ ಒಪ್ಪಿದ್ನಂತ ಫೋನ್ ಬಂತು!"

"ಆಯಿ, ಅದು ಕಡ್ಯಾಕ..." ಎಂದು ಮಲ್ಲಿನಾಥ ಬಾಯಿ ತೆರೆದ.

"ಕಷ್ಟಾ ಕಡ್ಯಾಕರೀ ಆಯಿ," ಎಂದು ಪೂರ್ಣಿಮಾ ಬಾಗಿಲಿನಿಂದಲೇ ವಾಕ್ಯ ಮುಗಿಸಿಕೊಟ್ಟಳು.

ಇನ್ನು ಉಳಿದ ಭರವಸೆ ಗಿರಿಮಲ್ಲಪ್ಪನ ಕೊಡಲಿ. ಗುರುವಾರ ಅವನು ಬಂದ, ಮರ ನೋಡಿದ, ಕೊಡಲಿಯನ್ನು ಗೇಟಿನ ಹೊರಗಿಟ್ಟು ಚಪ್ಪಲಿ ಕಳಚಿದ.

"ಸಾಹೇಬ್ರ, ದೇವರ ಅಂಗಳದಾಗ ನಾ ಒಂದು ಕಡ್ಡಿನೂ ಮುಟ್ಟಂಗಿಲ್ಲ. ಒಂದು ದಾರಾ ಇದ್ರ ಕೊಡ್ರಿ. ಮಗಾ ಪೊಲೀಸ್ ಪರೀಕ್ಷಾ ಬರದಾನ."

ಪ್ಲಾನಿಂಗ್‌ನಲ್ಲಿ ಮಿಕ್ಕ ದಾರವನ್ನು ಮಲ್ಲಿನಾಥ ಕೈಯಾರೆ ಕೊಟ್ಟ.

ಬೇಸಿಗೆ ಬಂತು. ಓಣಿಯ ಹೆಂಗಸರು ಬೇವಿನ ನೆರಳಿಗೆ ಬಂದು ನೂಲು ಸುತ್ತತೊಡಗಿದರು. ಹೆಸರು ತಿಳಿಯದ ಮುಳ್ಳಿನ ಗಿಡ ನಿಂಬೆಯೆಂದು, ಕಾಯಿ ಬಿಟ್ಟ ಮೇಲೆ ಮಲ್ಲಿನಾಥನಿಗೆ ತಿಳಿಯಿತು. ಪೂರ್ಣಿಮಾ ಅದರದೇ ಪಾನಕ ಮಾಡಿ ಕೊಟ್ಟಳು. ಕುಡಿಯುವಾಗ ಅವನ ಮುಖ ಮಾತ್ರ ನಿಂಬೆಗಿಂತ ಹುಳಿಯಾಗಿತ್ತು. ಎರಡನೆಯ ಲೋಟ ಕೇಳಿದ್ದೂ ಅವನೇ.

ಒಂದು ಮುಂಜಾನೆ ಅತ್ತಿತ್ತ ನೋಡಿ, ಯಾರೂ ಇಲ್ಲದ್ದು ಖಾತ್ರಿ ಮಾಡಿಕೊಂಡು, ಮಲ್ಲಿನಾಥನೂ ಚಪ್ಪಲಿ ಬಿಟ್ಟ. ಈ ಸಲ ಕೆಸರಿರಲಿಲ್ಲ. ಒಂದು ದಾರ ಕಟ್ಟಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿದ.

"ಏನು ಬೇಡಕೊಂಡ್ರಿ?" ಕಿಟಕಿಯಿಂದ ಪೂರ್ಣಿಮಾ.

"ಕಾರು," ಎಂದ ಮಲ್ಲಿನಾಥ ನಾಚುತ್ತ. "ಹಳೇದಾದ್ರೂ ನಡೀತೈತಿ ಅಂದೇನಿ."

"ಖರೆನ ಬರತೈತಿ ಬಿಡ್ರಿ, ಸತ್ಯುಳ್ಳ ಗಿಡಾ," ಎಂದಳು ಅವಳು. "ಎಲ್ಲಿ ನಿಲ್ಲಸ್ತೀರಿ?"